ಶಾಲು ಹೊದೆಸಿದ ಮೇಲೆ

ಬಂದರಿನ ಐಸಮ್ಮನ ಮನೆಯಲ್ಲಿ ಆ ಮಳೆಗಾಲದ ಕೊನೆಗೆ ನೆಂಟರಿಗೆ ಬರವಿರಲಿಲ್ಲ. ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ದೋಣಿ ಮಗುಚಿದ ದಿನ ಅವಳ ಮಗ, ಆಸ್ಪತ್ರೆಯ ಡ್ರೈವರ್ ಹಾಶಿಂ, ಮೆಟಡೋರ್ ವ್ಯಾನಿನಲ್ಲಿ ಕತ್ತಲಾಗುವ ತನಕ ಓಡಾಡಿದ್ದ. ಬದುಕಿದವರನ್ನೂ ತಂದ, ಬದುಕದವರನ್ನೂ ತಂದ. ಊರವರು ಸಭೆ ಸೇರಿ ಶಾಲು ಹೊದೆಸಿದರು. ಅಂದಿನಿಂದ ಯಾರು ಬಂದರೂ ಐಸಮ್ಮ ಚಾ ಕೊಟ್ಟು, "ಮೋನೇ, ಆ ದಿನದ ಕಥೆ ಹೇಳು" ಎಂದು ಮಗನನ್ನು ಕರೆಯುವಳು.

ಹಾಶಿಮನ ಹೆಂಡತಿ ಹಬೀಬಾ ಮಾತ್ರ ಬೇರೆಯದನ್ನೇ ನೋಡುತ್ತಿದ್ದಳು. ಗಂಡ ಮೀನು ಮುಟ್ಟುವುದಿಲ್ಲ. ನಿದ್ದೆಯಲ್ಲಿ ಬೆಚ್ಚಿ ಏಳುತ್ತಾನೆ. ವ್ಯಾನಿನ ಕೀ ಆಸ್ಪತ್ರೆಗೆ ಒಪ್ಪಿಸಿ, "ಇನ್ನು ಆ ಕೆಲಸ ನನ್ನಿಂದಾಗುವುದಿಲ್ಲ" ಎಂದು ಮನೆ ಹಿಡಿದಿದ್ದಾನೆ.

ಒಂದು ಸಂಜೆ, ಗಲ್ಫಿನಿಂದ ರಜೆಗೆ ಬಂದಿದ್ದ ನೆಂಟ ಯೂಸುಫ್ ಅವನ ಬೆನ್ನು ತಟ್ಟಿದ. "ಎಂತ ಮಾರಾಯ, ಪೇಪರಿನಲ್ಲಿ ನಿನ್ನ ಫೋಟೋ ಬಂತಂತೆ! ಹೇಳು, ದೋಣಿಯಲ್ಲಿ ಮಕ್ಕಳೂ ಇದ್ದರಾ?"

ಹಾಶಿಂ ಗ್ಲಾಸು ಕೆಳಗಿಟ್ಟ. ಎದ್ದು ಬಾವಿಕಟ್ಟೆಗೆ ಹೋಗಿ ಕೈ ತೊಳೆದ. ತೊಳೆದೇ ತೊಳೆದ.

ಮರುದಿನ ಹಬೀಬಾ ಅದೇ ಆಸ್ಪತ್ರೆಯ ನರ್ಸ್ ಶಶಿಪ್ರಭಾ ಅವರನ್ನು ಮನೆಗೆ ಕರೆತಂದಳು.

"ಎಂತದೋ ಗಾಳಿ ಸೋಂಕು ಸಿಸ್ಟರ್. ದರ್ಗಾಕ್ಕೆ ಹರಕೆ ಹೇಳಿದ್ದೇನೆ," ಎಂದಳು ಐಸಮ್ಮ.

"ಹರಕೆ ತೀರಿಸಿ ಐಸಮ್ಮ, ದೇವರು ಬೇಡ ಅಂತ ಯಾರು ಹೇಳಿದ್ದು? ಆದರೆ ಮನಸ್ಸಿಗೂ ಗಾಯ ಆಗ್ತದೆ. ನೀವು ಬಂದವರಿಗೆಲ್ಲ ಆ ಗಾಯದ ಬಟ್ಟೆ ಬಿಚ್ಚಿ ತೋರಿಸ್ತಾ ಇದ್ದೀರಿ."

"ಹಾಗಂತ ಹುಚ್ಚರ ಡಾಕ್ಟರ ಹತ್ತಿರ ಕಳಿಸ್ಲಿಕ್ಕಾ? ಊರು ನಗ್ತದೆ!"

"ನಾನು ಹೋಗ್ತಾ ಇದ್ದೇನಲ್ಲ! ಅವತ್ತು ವಾರ್ಡಿನಲ್ಲಿ ನಾನೇ ಇದ್ದದ್ದು. ಆಮೇಲೆ ಒದ್ದೆ ಬಟ್ಟೆ ಹಿಂಡ್ಲಿಕ್ಕೆ ಕೈ ಬರ್ತಿರಲಿಲ್ಲ, ರಾತ್ರಿ ನಿದ್ದೆಯೂ ಇರಲಿಲ್ಲ. ಈಗ ನಿದ್ದೆ ಬರ್ತದೆ. ನೋಡಿ, ಹುಚ್ಚಿಯ ಹಾಗೆ ಕಾಣ್ತೇನಾ?"

ಬಾಗಿಲ ಮರೆಯಿಂದ ಹಾಶಿಂ ಕೇಳಿದ: "ಸಿಸ್ಟರ್, ನಿಮಗೂ ಹಾಗೆ ಆಗಿತ್ತಾ?"

"ಆಗಿತ್ತು. ನಾಳೆ ಒಟ್ಟಿಗೆ ಹೋಗುವ."

ಹೋದರು. ಮತ್ತೆ ಮತ್ತೆ ಹೋದರು. ಹೇಳಬೇಕೆನಿಸಿದಾಗ ಹಾಶಿಂ ಹಬೀಬಾಳಿಗೆ ಹೇಳಿದ. ಸುಮ್ಮನಿದ್ದಾಗ ಅವಳು ಸುಮ್ಮನೆ ಪಕ್ಕದಲ್ಲಿ ಕುಳಿತಳು. ಕಡಲಿನ ಭರತದ ನೀರು ಇಳಿದ ಹಾಗೆ, ಗೊತ್ತೇ ಆಗದಂತೆ ಭಯ ಇಳಿಯಿತು. ಚಳಿ ಬೀಳುವ ಹೊತ್ತಿಗೆ ವ್ಯಾನಿನ ಕೀ ಮತ್ತೆ ಅವನ ಜೇಬಿಗೆ ಬಂತು.

ಆ ವಾರವೇ ಇನ್ನೊಬ್ಬ ನೆಂಟ ಜಗಲಿಯಲ್ಲಿ ಕುಳಿತು, "ಹಾಶಿಂ, ಆ ದೋಣಿಯ ಕಥೆ..." ಎಂದು ಬಾಯಿ ತೆರೆದ. ಐಸಮ್ಮ ಅವನ ಮುಂದೆ ಗ್ಲಾಸು ಇಟ್ಟಳು.

"ಕಥೆ ಇಲ್ಲ. ಚಾ ಉಂಟು, ಕುಡಿಯಿರಿ."

ಬಂಧುಗಳೇ, ನಿಮ್ಮ ಓಣಿಯಲ್ಲೂ ಇಂಥ ಒಬ್ಬ ಡ್ರೈವರ್, ಒಬ್ಬ ನರ್ಸ್ ಇರಬಹುದು. ಆಪತ್ತಿನಲ್ಲಿ ನಮ್ಮನ್ನು ಎತ್ತಿದ ಕೈಗಳವು. ಶಾಲು ಹೊದೆಸಿ, ಒಳ್ಳೆಯದೇ. ಆದರೆ ಕಥೆ ಕೆದಕಬೇಡಿ. ಅವರಾಗಿ ಹೇಳಿದರೆ ಕೇಳಿ. ನಿದ್ದೆ ಕೆಟ್ಟು, ಊಟ ಸೇರದೆ ಇದ್ದರೆ ಮನಸ್ಸಿನ ಡಾಕ್ಟರ ಹತ್ತಿರ ಹೋಗಲು ಹೇಳಿ. ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ನಡೆಯಿರಿ.