ಸೋಮವಾರದ ರೊಟ್ಟಿ

ಹುಬ್ಬಳ್ಳಿಗೆ ಹೋಗಿಬರಲು ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಡಾಕ್ಟರ ಫೀ ಐದುನೂರು, ರಕ್ತ ತಪಾಸಣೆಗೆ ಒಂಬೈನೂರು, ಗುಳಿಗೆಯ ರೊಕ್ಕ ಬೇರೆ. ಇಷ್ಟಕ್ಕೇ ಮುಗಿದರೆ ಸಾಕು ಎಂದುಕೊಂಡು ಕಸ್ತೂರೆವ್ವ ಮೊಮ್ಮಗಳು ರೋಹಿಣಿಯನ್ನು ಕರೆದುಕೊಂಡು ಶಲವಡಿಗೆ ವಾಪಸಾದಳು.

ಹದಿನೇಳರ ಹುಡುಗಿ. ಮೊದಲು ಅಜ್ಜಿಯ ಜೊತೆ ಸೋಮವಾರದ ಉಪವಾಸ ಹಿಡಿದಳು. ಆಮೇಲೆ ಗುರುವಾರ, ಅಮಾವಾಸ್ಯೆ, ಕೊನೆಗೆ ದಿನಕ್ಕೊಂದು ನೆವ. ಮೈ ಕರಗಿದಷ್ಟೂ ಅವಳಿಗೆ ಸಮಾಧಾನ. ಕಸ್ತೂರೆವ್ವ ಮಾತ್ರ ಓಣಿಯಲ್ಲೆಲ್ಲ ಮೊಮ್ಮಗಳ ಭಕ್ತಿ ಹೇಳಿಕೊಂಡು ತಿರುಗಿದಳು. ಬಾಜು ಮನೆಯ ರೇವವ್ವ ತನ್ನ ಸೊಸೆಯಂದಿರಿಗೆ, "ಆಕಿನ್ನ ನೋಡಿ ಕಲೀರಿ" ಎಂದಿದ್ದಳು. ಮುಟ್ಟು ನಿಂತದ್ದು ಯಾರಿಗೂ ತಿಳಿಯಲಿಲ್ಲ. ಹುಡುಗಿ ಕಾಲೇಜಿನ ಮೆಟ್ಟಿಲ ಮೇಲೆ ಕುಸಿದಾಗ ತಿಳಿಯಿತು.

"ಇದು ವ್ರತ ಅಲ್ಲಮ್ಮ, ರೋಗ," ಎಂದಿದ್ದರು ಡಾಕ್ಟರು. "ಬೈಬ್ಯಾಡ್ರಿ, ಆಕಿ ಉಣ್ಣೂ ಗಂಗಾಳ ದಿಟ್ಟಿಸಬ್ಯಾಡ್ರಿ. ಹೊತ್ತಿಗೆ ಸರಿಯಾಗಿ ಜೊತಿಗೆ ಕುಂತು ಉಣ್ರಿ. ತೂಕ ಇನ್ನೂ ಇಳಿದ್ರ ಅಡ್ಮಿಟ್ ಮಾಡಬೇಕಾಗ್ತದ."

ಮರುದಿನವೇ ಸೋಮವಾರ. ಕಸ್ತೂರೆವ್ವ ಮದುವೆಯಾದಂದಿನಿಂದ ಸೋಮವಾರ ಸಂಜೆಯ ಪೂಜೆಗೆ ಮೊದಲು ಬಾಯಿಗೆ ಏನೂ ಹಾಕಿದವಳಲ್ಲ. ಮಧ್ಯಾಹ್ನ ಎರಡು ಗಂಗಾಳ ಹಚ್ಚಿ, ಮೊಮ್ಮಗಳನ್ನು ಊಟಕ್ಕೆ ಕರೆದಳು.

"ಆಯಿ, ಇವತ್ತ ಸೋಮಾರ ಐತಿ. ನೀನಽ ಉಣ್ಣೂದಿಲ್ಲ, ನನಗ್ಯಾಕ ಹೇಳ್ತಿ?"

ಕಸ್ತೂರೆವ್ವ ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟಳು. ಪಾಪ ಮಾಡಿದೆನೆಂದೂ ಅನ್ನಿಸಲಿಲ್ಲ, ರುಚಿಯೂ ಹತ್ತಲಿಲ್ಲ. ಸುಮ್ಮನೆ ಅಗಿದಳು.

ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ರೇವವ್ವ ಹೊಸ್ತಿಲಲ್ಲೇ ನಿಂತಳು. "ಅಯ್ಯ ಶಿವನಽ! ಸೋಮಾರ ದಿನಾ ರೊಟ್ಟಿ ತಿನ್ನಾಕತ್ತೀಯಲ್ಲಬೇ! ಅರವತ್ತಕ್ಕ ಅರಳುಮರಳು ಆತೇನು?"

"ಹಸಿವಿ ಆಗೇತಿ. ನೀನೂ ಕುಂದ್ರು. ಇಲ್ಲಾಂದ್ರ ಬಾಗಲಾ ಮುಂದ ಮಾಡ್ಕೊಂಡು ಹೋಗು."

ರೇವವ್ವ ಮಜ್ಜಿಗೆ ಮರೆತು ಹೋದಳು. ರೋಹಿಣಿ ಗಂಗಾಳದ ಮುಂದೆ ಕೂತು ರೊಟ್ಟಿಯನ್ನು ಚೂರುಚೂರು ಮಾಡತೊಡಗಿದಳು.

"ಹೆದರಿಕಿ ಆಗ್ತೈತಿ, ಆಯಿ."

"ಆಗ್ಲಿ. ಹೆದರಿಕೋತನ ಉಣ್ಣು. ನಾ ಎದ್ದು ಹೋಗೂದಿಲ್ಲ."

ಕಸ್ತೂರೆವ್ವ ಎಮ್ಮೆಯ ಸುದ್ದಿ ಹೇಳಿದಳು, ಹಿಂಡಿಯ ಸುದ್ದಿ ಹೇಳಿದಳು, ಗಂಗಾಳದ ಕಡೆ ನೋಡಲಿಲ್ಲ. ಬಿಸಿಲು ಹೊಸ್ತಿಲು ದಾಟುವ ಹೊತ್ತಿಗೆ ಅರ್ಧ ರೊಟ್ಟಿ ಹುಡುಗಿಯ ಹೊಟ್ಟೆ ಸೇರಿತ್ತು.

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಹುಡುಗಿಯ ತೂಕ ಏರಿರಲಿಲ್ಲ, ಇಳಿದೂ ಇರಲಿಲ್ಲ. ಅಡ್ಮಿಟ್ ಮಾಡುವುದು ತಪ್ಪಿತು. ಕಸ್ತೂರೆವ್ವನ ವ್ರತ ಹೋಯಿತು, ರೇವವ್ವ ಮನೆಗೆ ಬರುವುದನ್ನು ಬಿಟ್ಟಳು.