ಹಿಮ್ಮಡಿ ಉಜ್ಜುವ ಕಲ್ಲು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲೂ ಹೇಳುತ್ತಾರೆ, ಕಾರ್ಖಾನೆಯಲ್ಲೂ ಹೇಳುತ್ತಾರೆ. ಎರಡೂ ಕಡೆ ಅದನ್ನು ಸಹಿಸಿಕೊಳ್ಳುವವರು ಮಾತ್ರ ಒಬ್ಬರೇ, ನನ್ನ ಅಣ್ಣನ ಹೆಂಡತಿ.

ನಮ್ಮದು ಚಿಕ್ಕ ಕಾರ್ಖಾನೆ. ತಿಂಗಳು ತುಂಬದೆ ಹುಟ್ಟಿದ ಶಿಶುಗಳ ಉಸಿರನ್ನು ಅಳೆಯುವ ಯಂತ್ರ ಮಾಡುತ್ತೇವೆ. ಹೆಬ್ಬೆರಳಿನ ಗಾತ್ರದ ಕೊಳವೆ, ಅದರೊಳಗೆ ಕೂದಲಿಗಿಂತ ಸಣ್ಣ ತಂತಿ. ತಂತಿ ಸದಾ ಬಿಸಿಯಾಗಿರುತ್ತದೆ. ಮಗುವಿನ ಉಸಿರು ತಾಕಿದಾಗ ತುಸು ತಣಿಯುತ್ತದೆ, ಮೇಲಿನ ಅಳತೆಯ ಮುಳ್ಳು ಆಡುತ್ತದೆ. ತಂತಿ ಕಟ್ಟುವುದು ಅತ್ತಿಗೆ, ಇಪ್ಪತ್ತೆರಡು ವರ್ಷದಿಂದ. ಕಟ್ಟಿದ್ದನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ನಾನು.

ಒಂದು ಆಸ್ಪತ್ರೆಗೆ ಎರಡು ಸಲ ಯಂತ್ರ ಕಳಿಸಿದೆವು. ಎರಡು ಸಲವೂ ದಾರಿಯಲ್ಲೇ ತಂತಿ ತುಂಡಾಗಿ ವಾಪಸ್ ಬಂತು. ಮಾಲೀಕರು ಅತ್ತಿಗೆಯ ಮೇಜಿನ ಬಳಿ ನಿಂತು, "ನಿಮ್ಮ ಕೈ ಮೊದಲಿನ ಹಾಗಿಲ್ಲಮ್ಮ. ಮೂರನೇದೂ ತುಂಡಾದ್ರೆ ಪ್ಯಾಕಿಂಗ್ ಕಡೆ ಹೋಗ್ಬಿಡಿ," ಎಂದರು. ಅತ್ತಿಗೆ ಕನ್ನಡಕ ಒರೆಸಿಕೊಂಡರು, ಅಷ್ಟೇ.

ನಾನು ಸುಮ್ಮನಿರಲಿಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ? ಲಾರಿಯವರು ಪೆಟ್ಟಿಗೆ ಎಸೆಯೋದು ನೋಡಿದ್ದೀರಾ? ಆ ರಸ್ತೆ ನೋಡಿದ್ದೀರಾ?"

"ರಸ್ತೆ ಹತ್ತು ವರ್ಷದಿಂದ ಹಾಗೇ ಇದೆ. ತಂತಿ ಈಗ ತುಂಡಾಗ್ತಿರೋದು."

ಮರುದಿನ ಊಟದ ಬಿಡುವಿನಲ್ಲಿ ಅತ್ತಿಗೆಯ ಪಕ್ಕ ಕೂತು, "ನನ್ನ ಕಣ್ಣೆದುರು ಒಂದು ಕಟ್ಟಿ," ಎಂದೆ. ಸೂಕ್ಷ್ಮದರ್ಶಕದ ಕೆಳಗೆ ಆ ಕೈ ಒಂಚೂರೂ ನಡುಗಲಿಲ್ಲ. ಒಂದು ತುದಿ ಬೆಸೆದರು. ಇನ್ನೊಂದು ತುದಿ ಬೆಸೆಯುವ ಮೊದಲು ತಂತಿಯನ್ನು ಬಿಗಿಯಾಗಿ ಎಳೆದರು.

"ಎಳೆದಿದ್ದು ಯಾಕೆ?"

"ಸಡಿಲ ಇದ್ರೆ ನೀನು ಬಿಡಲ್ವಲ್ಲೇ."

ಎರಡು ತಿಂಗಳ ಹಿಂದೆ ತಂತಿ ಜೋತು ಕೊಳವೆಯ ಗೋಡೆಗೆ ತಾಗುತ್ತಿದೆ ಎಂದು ಸಾಲಾಗಿ ನಾಲ್ಕು ಯಂತ್ರಕ್ಕೆ ಕೆಂಪು ಗೀಟು ಹಾಕಿ, ಎಲ್ಲರ ಮುಂದೆ ಕೂಗಾಡಿದ್ದೆ. ಅಂದಿನಿಂದ ಅವರು ಎಳೆದು ಕಟ್ಟುತ್ತಿದ್ದರು. ಬಿಗಿದ ತಂತಿ ನನ್ನ ಪರೀಕ್ಷೆ ದಾಟುತ್ತಿತ್ತು, ರಸ್ತೆಯ ಗುಂಡಿ ದಾಟುತ್ತಿರಲಿಲ್ಲ. ಜ್ವರ ಬಂದ ಎತ್ತು ನಾನೇ.

"ಆಗಲೇ ಹೇಳ್ಬಾರ್ದಿತ್ತಾ ಅತ್ತಿಗೆ?"

"ಹೇಳಿ ಯಾರು ಬೈಸ್ಕೋತಾರೆ? ಸಂಜೆ ಇಬ್ರೂ ಒಂದೇ ಮನೆಗೆ ಹೋಗ್ಬೇಕಲ್ಲ."

ನೇರ ಮಾಲೀಕರ ಬಳಿ ಹೋಗಿ ತಪ್ಪು ನನ್ನದೆಂದು ಒಪ್ಪಿಕೊಂಡೆ. ಅವರು ಹಣೆ ಉಜ್ಜಿಕೊಂಡು, "ಬಿಗಿದ್ರೆ ತುಂಡಾಗುತ್ತೆ, ಬಿಟ್ರೆ ತಾಗುತ್ತೆ. ಯಾರ ತಪ್ಪಾದ್ರೂ ಶುಕ್ರವಾರ ಯಂತ್ರ ಹೋಗ್ಲೇಬೇಕು. ತಂತಿ ನಿಲ್ಲದಿದ್ರೆ ನನ್ನ ಮಾತು ಮಾತೇ," ಎಂದರು.

ಸಡಿಲ ತಂತಿಗೆ ನಡುವೆ ಒಂದು ಆಸರೆ ಬೇಕಿತ್ತು. ಲೋಹ ಇಟ್ಟರೆ ಬಿಸಿಯನ್ನೆಲ್ಲ ಹೀರಿಕೊಂಡಿತು. ಥರ್ಮಕೋಲ್ ಕರಗಿತು. ಹತ್ತಿ ಸುಟ್ಟು ನಾರಿತು. ಬುಧವಾರ ಬೆಳಗ್ಗೆ ನಾನು ಬಚ್ಚಲಲ್ಲಿ ಹಿಮ್ಮಡಿ ಉಜ್ಜುತ್ತಾ ಕೂತಿದ್ದಾಗ, ಪರಪರ ಸದ್ದು ಕೇಳಿ ಅತ್ತಿಗೆ ಬಾಗಿಲು ಬಡಿದರು.

"ಆ ಕಲ್ಲು ಕೊಡೇ ಇಲ್ಲಿ!"

ನೀರಲ್ಲಿ ತೇಲುವಷ್ಟು ಹಗುರ, ಮೈಯೆಲ್ಲ ತೂತು, ಬೆಂಕಿಗೂ ಜಗ್ಗದ ಕಲ್ಲು. ಇಷ್ಟು ವರ್ಷ ಅದು ನನ್ನ ಕಾಲ ಕೆಳಗೇ ಬಿದ್ದಿತ್ತು.

ನನ್ನ ಹಿಮ್ಮಡಿಯ ಕೊಳೆ ಮಕ್ಕಳ ಉಸಿರಿಗೆ ಬೇಡವೆಂದು ಅಂಗಡಿಯಿಂದ ಹೊಸದು ತಂದೆವು. ಅತ್ತಿಗೆ ಬ್ಲೇಡಿನಲ್ಲಿ ಅದನ್ನು ಅಕ್ಕಿ ಕಾಳಿನಷ್ಟು ಹೆರೆದು, ಪುಡಿಯೆಲ್ಲ ಹೋಗುವಂತೆ ಮತ್ತೆ ಮತ್ತೆ ತೊಳೆದು, ಕುಲುಮೆಯಲ್ಲಿ ಕಾಯಿಸಿದರು. ಕೊಳವೆಯ ನಡುವೆ ಕೂರಿಸಿದಾಗ ತಂತಿ ಅದರ ಮೇಲೆ ಆರಾಮವಾಗಿ ಒರಗಿತು. ಗೋಡೆಗೆ ತಾಗಲಿಲ್ಲ, ಬಿಸಿಯೂ ಇಳಿಯಲಿಲ್ಲ. ನಾನು ಪೆಟ್ಟಿಗೆಯನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಊರಿನ ಗುಂಡಿಗಳನ್ನೆಲ್ಲ ಹುಡುಕಿ ಹುಡುಕಿ ಗಾಡಿ ಇಳಿಸಿದೆ. ನನ್ನ ಸೊಂಟ ಹೋಯಿತು, ತಂತಿ ಉಳಿಯಿತು.

"ಸಡಿಲ ಇದೆ, ಸರಿಯಾಗಿ ನೋಡ್ಕೋ," ಎಂದರು ಅತ್ತಿಗೆ. ನಾನು ಮುದ್ರೆ ಒತ್ತಿದೆ.

ಯಂತ್ರ ಶುಕ್ರವಾರ ಹೊರಟಿತು. ಶನಿವಾರ ಮಧ್ಯಾಹ್ನ ಆಸ್ಪತ್ರೆಯ ನರ್ಸ್ ಫೋನ್ ಮಾಡಿದರು. ಮಾಲೀಕರು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

"ತಂತಿ ಸರಿಯಾಗಿದೆ. ಬೆಳಗ್ಗೆಯೇ ಒಂದು ಮಗುವಿಗೆ ಹಾಕಿದ್ವಿ. ಒಂದು ಕೆಜಿನೂ ಇಲ್ಲ, ಹೇಗೆ ಮುಳ್ಳು ಆಡಿಸ್ತಾಳೆ ಗೊತ್ತಾ!"

ಅತ್ತಿಗೆ ಅತ್ತುಬಿಟ್ಟರು. ಮಾಲೀಕರು ಒಳಗಿಂದ ಹೊಸ ತಂತಿಯ ಸುರುಳಿ ತಂದು ಅವರ ಮೇಜಿನ ಮೇಲಿಟ್ಟರು. ಅತ್ತಿಗೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಇನ್ಮೇಲೆ ತಂತಿ ವಿಷಯ ಬಂದ್ರೆ ನಾನೂ ಕೂಗಾಡ್ತೀನಿ, ನೋಡ್ತಿರು."

"ಕೂಗಾಡಿ," ಎಂದೆ.

ಸೋಮವಾರದಿಂದಲೇ ಶುರು ಮಾಡಿದರು.