ಬೆರಳಚ್ಚಿನ ತೂಕ

ಹತ್ತಿಯ ಸುರುಳಿಗಾಗಿ ಮಗಳು ಅಪ್ಪನ ಕೆಲಸದ ಕೋಣೆಯಲ್ಲಿ ಮೂರನೇ ಖಾನೆ ಎಳೆಯುತ್ತಿದ್ದಾಗ, ಪಕ್ಕದ ಕೋಣೆಯಲ್ಲಿ ಅಪ್ಪನ ಹೆಣ ತೊಳೆಯುತ್ತಿದ್ದವನ ದನಿ ಕೇಳಿತು.

“ಮೇಷ್ಟ್ರೇ, ಇಲ್ನೋಡಿ. ನಿಮ್ಮಣ್ಣೋರ ಬೆರಳಲ್ಲಿ ಗೆರೆಯೇ ಇಲ್ಲ!”

“ನಲವತ್ತು ವರ್ಷ ಅಂಗಡಿಗಳ ತಕ್ಕಡಿ ಸರಿಮಾಡಿ, ಸ್ಪಿರಿಟ್ಟಲ್ಲಿ ಒರೆಸಿದ ಕೈ ಕಣಯ್ಯಾ, ಸವೆದಿದೆ. ನೀನು ನೀರು ಹಾಕು,” ಎಂದರು ಚಿಕ್ಕಪ್ಪ.

ಬಾಗಿಲ ಸಂದಿನಿಂದ ಹತ್ತಿ ಕೊಟ್ಟು ಮಗಳು ತನ್ನ ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ಚಿಕ್ಕಪ್ಪ ಹೊರಗೆ ಬಂದು, ಔಷಧಿ ಅಂಗಡಿಯವರ ಪಕ್ಕದ ಕುರ್ಚಿಯಲ್ಲಿ ಕುಸಿದರು. ಭೌತಶಾಸ್ತ್ರ ಕಲಿಸಿದ ಬಾಯಿ. ಸಾವಿನ ಮನೆಯಲ್ಲೂ ಸುಮ್ಮನಿರದು.

“ನಾವಿಬ್ಬರೂ ಜಗಳ ಆಡದ ಶುಕ್ರವಾರ ಇಲ್ಲ. ಜರ್ರಾದಷ್ಟು ಒಳ್ಳೇದು ಕೆಟ್ಟದ್ದು ಮಾಡಿದ್ರೂ ಅದನ್ನ ಕಾಣ್ತಾನೆ ಅಂತ ಕುರ್‌ಆನಿನಲ್ಲಿದೆಯಲ್ಲ, ಆ ಜರ್ರಾ ಅಂದ್ರೆ ಪರಮಾಣು ಅಂತ ನಾನು. ಅದಕ್ಕಿಂತ ಚಿಕ್ಕದೂ ಇದೆ ಅಂತ ಬರುತ್ತಲ್ಲ, ಅದೇ ಎಲೆಕ್ಟ್ರಾನು, ಕ್ವಾರ್ಕು. ವಿಜ್ಞಾನ ಕಣ್ಣು ಬಿಟ್ಟಿದ್ದು ಮೊನ್ನೆ ಮೊನ್ನೆ!”

“ಅವರೇನಂತಿದ್ರು?” ಎಂದರು ಅಂಗಡಿಯವರು.

“‘ಹಳಬರು ಇರುವೆ ಅಂದ್ರು, ಬಿಸಿಲಕೋಲಿನ ಧೂಳು ಅಂದ್ರು. ನೀನು ಪರಮಾಣು ಅಂತೀಯ. ಯಾವುದಾದ್ರೂ ಆಗ್ಲಿ, ಅದನ್ನೂ ತೂಗೋನು ಒಬ್ಬ ಇದಾನಲ್ಲ, ನನಗೆ ಹೆದರಿಕೆ ಅದೇ’ ಅನ್ನೋರು. ಮೊಂಡು ಅಂದ್ರೆ ಮೊಂಡು.”

ಅಂಗಡಿಯವರು ನಗಹೊರಟರು. ಒಳಗೆ ನೀರಿನ ಸದ್ದು ಒಮ್ಮೆಲೇ ನಿಂತಿತು. ನಗು ಅಲ್ಲೇ ಉಳಿಯಿತು.

*

ಮೂರು ತಿಂಗಳ ಹಿಂದೆ ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಔಷಧಿ ಅಂಗಡಿಯ ತಕ್ಕಡಿ ಸರಿಮಾಡಲು ಮಗಳನ್ನು ಕಳಿಸಿದ್ದರು. ಪರೀಕ್ಷೆಯಾಗಿದೆ ಎಂಬ ಚೀಟಿಗೆ ಮೊದಲೇ ರುಜು ಹಾಕಿ ಕೊಟ್ಟಿದ್ದರು.

ತಕ್ಕಡಿ ಹೊಂದಿಸುವ ಒಂದು ಗ್ರಾಮಿನ ತೂಕದ ಬಟ್ಟನ್ನು ಚಿಮುಟದಲ್ಲೇ ಎತ್ತಬೇಕು. ಬೆರಳು ತಾಗಿದರೆ ಚರ್ಮದ ಜಿಡ್ಡೂ ತೂಗುತ್ತದೆ. ಬಟ್ಟು ಜಾರಿ ಬಿತ್ತು. ಅವಳು ಬರಿಗೈಯಲ್ಲಿ ಎತ್ತಿಕೊಂಡಳು. ಒರೆಸಲು ಸ್ಪಿರಿಟ್ ಇರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಆ ಬಟ್ಟಿಗೇ ತಕ್ಕಡಿಯನ್ನು ಹೊಂದಿಸಿ, ಚೀಟಿ ಅಂಟಿಸಿ ಬಂದಳು.

ಮನೆಯಲ್ಲಿ ಅಪ್ಪ ಆ ಬಟ್ಟನ್ನು ತಮ್ಮ ತಕ್ಕಡಿಯ ಮೇಲಿಟ್ಟು, ಅಂಕಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

“ಎಲ್ಲ ಸರಿ ಆಯ್ತಾ ಮಗಳೇ?”

“ಆಯ್ತಪ್ಪಾ.”

ಮರುದಿನವೇ ಹಾಸಿಗೆ ಹಿಡಿದರು. ದಿನಾ ಸಂಜೆ, ಅದೇ ಹೊತ್ತಿಗೆ, ಅವಳಿದ್ದ ಕಡೆಗೆ ಮುಖ ತಿರುಗಿಸುತ್ತಿದ್ದರು. “ಇನ್ನೇನಾದ್ರೂ ಹೇಳೋದಿದೆಯಾ?”

“ಇಲ್ಲಪ್ಪಾ.”

ನಿನ್ನೆ ಸಂಜೆ, ಉಸಿರು ನಿಂತ ಮೇಲೆ, ಅವಳು ನೋಡುವಾಗ ಅಪ್ಪನ ಮುಖ ಅವಳ ಕಡೆಗೇ ತಿರುಗಿತ್ತು. ತಿರುಗಿಸಿದವರು ತಾವೆಂದು ಯಾರೂ ಹೇಳಲಿಲ್ಲ.

*

ಶವಪೆಟ್ಟಿಗೆಯ ಬಳಿ ನಿಂತು ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. “ಅಣ್ಣನಿಂದ ಯಾರಿಗಾದ್ರೂ ಅನ್ಯಾಯ ಆಗಿದ್ರೆ ಈಗ್ಲೇ ಹೇಳಿ. ಇಲ್ಲಾ, ಮನಸಾರೆ ಬಿಟ್ಟುಬಿಡಿ.”

“ಚಿನ್ನದಂಥ ಮನುಷ್ಯ,” ಎಂದರು ಯಾರೋ. “ಏನೂ ಇಲ್ಲ, ಎತ್ತಿ.”

“ಒಂದಿದೆ.”

ಮಗಳು ಹೊಸ್ತಿಲಲ್ಲಿ ನಿಂತಿದ್ದಳು. ಬಟ್ಟಿನ ಸಂಗತಿ ಹೇಳಿದಳು. “ತಪ್ಪು ನಂದು, ರುಜು ಅಪ್ಪಂದು. ಇದು ಅವರ ಹೆಸರಲ್ಲಿ ಮಣ್ಣಿಗೆ ಹೋಗಬಾರದು ಚಿಕ್ಕಪ್ಪಾ.”

“ಹುಚ್ಚಿ! ಆ ಜಿಡ್ಡು ಎಷ್ಟು ತೂಗೀತೇ? ಒಂದು ಧೂಳಿನ ಕಣದಷ್ಟೂ…” ಚಿಕ್ಕಪ್ಪನ ಮಾತು ಅರ್ಧಕ್ಕೇ ತುಂಡಾಯಿತು. ಅವರು ಪೆಟ್ಟಿಗೆಯತ್ತ ನೋಡಿದರು.

ಅಂಗಡಿಯವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ನನ್ನ ಪಾಲಿಂದು ಬಿಟ್ಟೆ ಕಣಮ್ಮಾ. ಆದ್ರೆ ಆ ತಕ್ಕಡೀಲಿ ತೂಗಿದ ಔಷಧಿ ಪುಡಿ ತಿಂದೋರ ಪಾಲು ಬಿಡೋಕೆ ನಾನ್ಯಾರು?” ಜೇಬಿನಿಂದ ಕೀಲಿ ತೆಗೆದುಕೊಟ್ಟರು. “ಹೋಗು. ನಾವು ಮಣ್ಣು ಕೊಡೋದ್ರೊಳಗೆ ಸರಿಮಾಡು.”

ಮುಚ್ಚಿದ ಅಂಗಡಿಯಲ್ಲಿ ಅವಳು ಮನೆಯಿಂದ ತಂದ ಬಟ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಚಿಮುಟದಿಂದ ತಟ್ಟೆಯ ಮೇಲಿಟ್ಟು ತಕ್ಕಡಿಯನ್ನು ಹೊಂದಿಸಿದಳು. ಅಪ್ಪನ ಚೀಟಿ ಕಿತ್ತು, ತನ್ನ ರುಜುವಿನದನ್ನು ಅಂಟಿಸಿದಳು. ಬಟ್ಟು ತೆಗೆದು ಗಾಜಿನ ಬಾಗಿಲು ಮುಚ್ಚಿದಳು. ಖಾಲಿ ತಟ್ಟೆ. ಸಾಲಾಗಿ ಸೊನ್ನೆಗಳು. ಫ್ಯಾನಿಲ್ಲ, ಕಿಟಕಿಯಿಲ್ಲ, ತನ್ನ ಉಸಿರನ್ನೂ ಹಿಡಿದು ನಿಂತಳು.

ಕೊನೆಯ ಸೊನ್ನೆ ಕದಲಿತು. ಒಂದಾಯಿತು, ಎರಡಾಯಿತು. ಅಂಕಿಗಳ ಎಡಕ್ಕೆ ಕಳೆಯುವ ಗುರುತು ಮೂಡಿ ಹಾಗೇ ನಿಂತಿತು, ತಟ್ಟೆಯ ಮೇಲಿದ್ದ ಬೆರಳಚ್ಚಿನಷ್ಟು ತೂಕವನ್ನು ಯಾರೋ ಎತ್ತಿಕೊಂಡಾಗ ಮೂಡುವ ಹಾಗೆ.